ರೆಟಿನಾದ ಹಿಂದಿನ ಕಪ್ಪು ಪದರ: ಹೊಸ ಕೋಶ ಬದುಕಿದರೆ ಸಾಲದು, ಅಯಾನುಗಳೂ ಸರಿಯಾದ ದಿಕ್ಕಿಗೆ ಹರಿಯಬೇಕು

ವಯಸ್ಸಾದಂತೆ ರೆಟಿನಾದ ನಡುಭಾಗವಾದ ಮ್ಯಾಕ್ಯುಲಾ ಸವೆಯುವ ಕಾಯಿಲೆಯನ್ನು ಕಣ್ಣಿನ ವೈದ್ಯರು ಎಎಂಡಿ ಎನ್ನುತ್ತಾರೆ. 2014ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ 2020ರ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 19.6 ಕೋಟಿ ಜನರಲ್ಲಿ ಈ ಕಾಯಿಲೆ ಒಂದಲ್ಲ ಒಂದು ಹಂತದಲ್ಲಿರುತ್ತದೆ. 2040ಕ್ಕೆ ಆ ಸಂಖ್ಯೆ 28.8 ಕೋಟಿಗೆ ಏರುತ್ತದೆ. ಇದರ ಒಣ ರೂಪ ಮುಂದುವರಿದು ಕೋಶಗಳು ಸಾಯತೊಡಗಿದ ಮೇಲೆ ಕೊಡಲು ಬಹುಕಾಲ ಯಾವ ಔಷಧವೂ ಇರಲಿಲ್ಲ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎರಡು ಚುಚ್ಚುಮದ್ದುಗಳಿಗೆ, ಫೆಬ್ರುವರಿಯಲ್ಲಿ ಪೆಗ್‌ಸೆಟಾಕೊಪ್ಲಾನ್‌ಗೆ ಮತ್ತು ಆಗಸ್ಟ್‌ನಲ್ಲಿ ಅವಾಸಿನ್‌ಕ್ಯಾಪ್ಟಾಡ್ ಪೆಗೋಲ್‌ಗೆ, ಒಪ್ಪಿಗೆ ನೀಡಿತು. ಇವೆರಡೂ ಸವೆತದ ವೇಗವನ್ನು ತಗ್ಗಿಸುತ್ತವೆಯೇ ಹೊರತು ಸತ್ತ ಕೋಶಗಳನ್ನು ಮರಳಿ ತರುವುದಿಲ್ಲ. ಹಾಗಾಗಿಯೇ ಕಾಂಡಕೋಶಗಳಿಂದ ಹೊಸ ಕೋಶಗಳನ್ನು ಬೆಳೆಸಿ ಕಣ್ಣಿನ ಹಿಂಬದಿಯಲ್ಲಿ ಇರಿಸುವ ಪ್ರಯತ್ನ ಜಪಾನ್, ಬ್ರಿಟನ್, ಅಮೆರಿಕಗಳಲ್ಲಿ ನಡೆದಿದೆ. ಬೆಂಗಳೂರಿನ ಐಸ್ಟೆಮ್ ಸಂಸ್ಥೆ ರೂಪಿಸಿದ ಐಸೈಟ್-ಆರ್‌ಪಿಇ ಎಂಬ ಕೋಶಚಿಕಿತ್ಸೆ ಕೂಡ ಮಾನವ ಪ್ರಯೋಗದ ಹಂತ ತಲುಪಿದೆ.

ಈ ಪ್ರಯೋಗಗಳ ಸುದ್ದಿ ಬಂದಾಗಲೆಲ್ಲ ಕೇಳಿಬರುವ ಪ್ರಶ್ನೆಗಳು ಮೂರು: ಕೋಶಗಳು ಬದುಕಿ ಉಳಿದವೇ, ಗಡ್ಡೆಯಂಥ ಅಪಾಯವೇನಾದರೂ ಕಂಡಿತೇ, ರೋಗಿಗೆ ದೃಷ್ಟಿಫಲಕದಲ್ಲಿ ಎಷ್ಟು ಅಕ್ಷರ ಹೆಚ್ಚು ಓದಲು ಬಂತು. ಮೂರೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಬದಲಿಸಲು ಹೊರಟಿರುವ ಪದರ ನಿಜವಾಗಿ ಮಾಡುವ ಕೆಲಸವೇನು ಎಂದು ನೋಡಿದರೆ ನಾಲ್ಕನೆಯ ಪ್ರಶ್ನೆಯೊಂದು ಎದುರಾಗುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಆಳವಾದದ್ದು: ಹೊಸ ಕೋಶಗಳು ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಅಯಾನುಗಳನ್ನು, ಅಂದರೆ ವಿದ್ಯುತ್ ಆವೇಶ ಹೊತ್ತ ಕಣಗಳನ್ನು, ಸರಿಯಾದ ದಿಕ್ಕಿಗೆ ಸಾಗಿಸುತ್ತಿವೆಯೇ?

ಪದರದ ಪೂರ್ಣ ಹೆಸರು ರೆಟಿನಲ್ ಪಿಗ್ಮೆಂಟ್ ಎಪಿಥೀಲಿಯಂ, ಬಳಕೆಯಲ್ಲಿ ಆರ್‌ಪಿಇ. ಒಂದೇ ಒಂದು ಕೋಶದಷ್ಟು ದಪ್ಪದ ಹಾಸು ಇದು. ಮನುಷ್ಯನ ಒಂದು ಕಣ್ಣಿನಲ್ಲಿ ಇಂಥ ಕೋಶಗಳು ಸುಮಾರು 35ರಿಂದ 40 ಲಕ್ಷ ಇವೆ. ಮೆಲನಿನ್ ತುಂಬಿರುವುದರಿಂದ ಕಪ್ಪಾಗಿ ಕಾಣುತ್ತವೆ. ಇದರ ಒಂದು ಬದಿಗೆ ಬೆಳಕನ್ನು ಗ್ರಹಿಸುವ ದಂಡಕೋಶಗಳು ಮತ್ತು ಶಂಕುಕೋಶಗಳು ತಮ್ಮ ತುದಿಗಳನ್ನು ಊರಿಕೊಂಡಿವೆ. ಇನ್ನೊಂದು ಬದಿಗೆ ಬ್ರುಕ್ ಪೊರೆ, ಅದರಾಚೆ ರಕ್ತನಾಳಗಳಿಂದ ಕಿಕ್ಕಿರಿದ ಕೊರಾಯ್ಡ್. ಅಕ್ಕಪಕ್ಕದ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡಿರುವುದರಿಂದ ರಕ್ತದಲ್ಲಿರುವ ವಸ್ತುಗಳು ಸಂದಿಯ ಮೂಲಕ ರೆಟಿನಾಕ್ಕೆ ನುಸುಳುವುದು ಕಷ್ಟ. ಹೋಗುವುದೇನಿದ್ದರೂ ಬಹುಪಾಲು ಕೋಶದ ಒಳಗಿಂದಲೇ, ಅದರ ಎರಡು ಪೊರೆಗಳನ್ನು ದಾಟಿಯೇ ಹೋಗಬೇಕು. ಪ್ರೌಢ ವಯಸ್ಸಿನಲ್ಲಿ ಈ ಕೋಶಗಳು ಸಾಮಾನ್ಯವಾಗಿ ವಿಭಜನೆಗೊಳ್ಳುವುದಿಲ್ಲ. ಹುಟ್ಟಿನಿಂದ ಬಂದವೇ ಕೊನೆತನಕ ದುಡಿಯಬೇಕು.

ಅಂಗಗಳ ಮೇಲ್ಮೈಯನ್ನು ಹೊದಿಸುವ ಕೋಶಪದರವೇ ಎಪಿಥೀಲಿಯಂ. ದೇಹದ ಬಹುತೇಕ ಎಪಿಥೀಲಿಯಂ ಪದರಗಳಲ್ಲಿ, ಉದಾಹರಣೆಗೆ ಕರುಳಿನಲ್ಲಿ ಮತ್ತು ಮೂತ್ರಪಿಂಡದ ನಳಿಕೆಗಳಲ್ಲಿ, ಸೋಡಿಯಂ-ಪೊಟ್ಯಾಸಿಯಂ ಪಂಪ್ ಎಂಬ ಪ್ರೋಟೀನು ರಕ್ತದ ಕಡೆಯ ಪೊರೆಯಲ್ಲಿ ಇರುತ್ತದೆ. ಆರ್‌ಪಿಇಯಲ್ಲಿ ಅದು ಎದುರು ಬದಿಯಲ್ಲಿ, ಅಂದರೆ ರೆಟಿನಾದ ಕಡೆಗೆ ಇದೆ. ಕೋಶ ಹೊರಗೆಡಹುವ ಮೂರು ಸೋಡಿಯಂ ಅಯಾನುಗಳು ಬೀಳುವುದು ಬೆಳಕುಗ್ರಾಹಕ ಕೋಶಗಳು ಮುಳುಗಿರುವ ಕಿರಿದಾದ ಅವಕಾಶಕ್ಕೆ. ಪ್ರತಿಯಾಗಿ ಅಲ್ಲಿಂದ ಎರಡು ಪೊಟ್ಯಾಸಿಯಂ ಅಯಾನುಗಳು ಒಳಬರುತ್ತವೆ. ಮಿದುಳಿನ ದ್ರವವನ್ನು ಸ್ರವಿಸುವ ಕೋರಾಯ್ಡ್ ಪ್ಲೆಕ್ಸಸ್ ಬಿಟ್ಟರೆ ಈ ವ್ಯವಸ್ಥೆ ದೇಹದಲ್ಲಿ ತೀರ ಅಪರೂಪ. ಉಳಿದ ಸಾಗಾಟವೆಲ್ಲ ಈ ಒಂದು ಪಂಪಿನ ಸ್ಥಾನದ ಮೇಲೆ ನಿಂತಿದೆ.

ಪಂಪ್ ನಿರಂತರವಾಗಿ ಸೋಡಿಯಮ್ಮನ್ನು ಹೊರಹಾಕುವುದರಿಂದ ಕೋಶದೊಳಗೆ ಸೋಡಿಯಂ ಕಡಿಮೆಯಿರುತ್ತದೆ. ಹೊರಗಿನ ಸೋಡಿಯಂ ಒಳನುಗ್ಗಲು ಸದಾ ಕಾದಿರುತ್ತದೆ. ಆ ಒತ್ತಡವನ್ನೇ ಬಳಸಿಕೊಂಡು ಅದೇ ಪೊರೆಯಲ್ಲಿರುವ ಎನ್‌ಕೆಸಿಸಿ1 ಎಂಬ ವಾಹಕ ಒಂದು ಸೋಡಿಯಂ, ಒಂದು ಪೊಟ್ಯಾಸಿಯಂ, ಎರಡು ಕ್ಲೋರೈಡ್‌ಗಳನ್ನು ಒಟ್ಟಿಗೆ ಒಳತರುತ್ತದೆ. ಸೋಡಿಯಂ ಪಂಪಿನ ಮೂಲಕ ಮತ್ತೆ ಹೊರಬೀಳುತ್ತದೆ. ಪೊಟ್ಯಾಸಿಯಂ ಬಹುಮಟ್ಟಿಗೆ ಕೆಐಆರ್7.1 ಎಂಬ ಕಾಲುವೆಯ ಮೂಲಕ ಬಂದ ಬದಿಗೇ ಮರಳುತ್ತದೆ. ಒಳಗೆ ಉಳಿದು ಸಾಂದ್ರವಾಗುವುದು ಕ್ಲೋರೈಡ್. ಅದು ಎದುರಿನ ಪೊರೆಯ ಕ್ಲೋರೈಡ್ ಕಾಲುವೆಗಳ ಮೂಲಕ ಕೊರಾಯ್ಡ್‌ನತ್ತ ಜಾರುತ್ತದೆ. ಋಣ ಆವೇಶ ಹೀಗೆ ರಕ್ತದ ಕಡೆಗೆ ಸಾಗುವುದರಿಂದ ರೆಟಿನಾದ ಬದಿ ಕೆಲವು ಮಿಲಿವೋಲ್ಟ್‌ಗಳಷ್ಟು ಧನವಾಗಿ ನಿಲ್ಲುತ್ತದೆ. ಇದರ ಜೊತೆಗೆ ಬೈಕಾರ್ಬನೇಟ್ ಮತ್ತು ಲ್ಯಾಕ್ಟೇಟ್‌ಗಳೂ ಅದೇ ದಿಕ್ಕಿನಲ್ಲಿ ಹೋಗುತ್ತವೆ. ಬೆಳಕುಗ್ರಾಹಕ ಕೋಶಗಳು ತಮಗೆ ಸಿಕ್ಕ ಗ್ಲುಕೋಸಿನ ಬಹುಭಾಗವನ್ನು ಲ್ಯಾಕ್ಟೇಟ್ ಮಾಡಿ ಹೊರಬಿಡುವುದರಿಂದ ಅದನ್ನು ತೆಗೆದುಹಾಕುವ ಭಾರವೂ ಇದೇ ಪದರದ ಮೇಲೆ ಬಿದ್ದಿದೆ.

ಲವಣ ಹೋದತ್ತ ನೀರೂ ಹೋಗುತ್ತದೆ. ಬೇರೆ ಬೇರೆ ಪ್ರಾಣಿಗಳ ಆರ್‌ಪಿಇಯಲ್ಲಿ ಅಳೆದಾಗ ಪ್ರತಿ ಚದರ ಸೆಂಟಿಮೀಟರಿಗೆ ಗಂಟೆಗೆ ಸುಮಾರು 1.4ರಿಂದ 11 ಮೈಕ್ರೋಲೀಟರ್ ದ್ರವ ರೆಟಿನಾದ ಬದಿಯಿಂದ ಕೊರಾಯ್ಡ್‌ನ ಬದಿಗೆ ಸಾಗುವುದು ಕಂಡಿದೆ. ಮನುಷ್ಯನ ರೆಟಿನಾದ ವಿಸ್ತಾರ ಸುಮಾರು 11 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ತೀರ ಕಡಿಮೆ ದರದಲ್ಲಿ ಲೆಕ್ಕ ಹಾಕಿದರೂ ಒಂದು ದಿನಕ್ಕೆ ಒಂದು ಮಿಲಿಲೀಟರಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ರೆಟಿನಾ ಆರ್‌ಪಿಇಗೆ ಅಂಟಿ ನಿಂತಿರುವುದರಲ್ಲಿ ಈ ಹೀರುವಿಕೆಯ ಪಾಲು ದೊಡ್ಡದು. ರೆಟಿನಾ ಹರಿದು ಕಳಚಿಕೊಂಡ ರೋಗಿಗಳ ಶಸ್ತ್ರಚಿಕಿತ್ಸೆಯಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಕಣ್ಣಿನ ಹೊರಗೋಡೆಗೆ ಸಿಲಿಕಾನ್ ಪಟ್ಟಿ ಹೊಲಿದು ರೆಟಿನಾದ ಹರಕನ್ನು ಮುಚ್ಚುವ ಹಳೆಯ ಕ್ರಮದಲ್ಲಿ ಶಸ್ತ್ರವೈದ್ಯರು ಎಷ್ಟೋ ಬಾರಿ ರೆಟಿನಾದ ಹಿಂದೆ ತುಂಬಿದ ದ್ರವವನ್ನು ಮುಟ್ಟುವುದೇ ಇಲ್ಲ. ಹರಕು ಸರಿಯಾಗಿ ಮುಚ್ಚಿದ್ದರೆ ಒಂದೆರಡು ದಿನಗಳಲ್ಲಿ ದ್ರವ ತಾನಾಗಿ ಇಂಗಿ ರೆಟಿನಾ ಸ್ವಸ್ಥಾನಕ್ಕೆ ಬಂದು ಕೂರುತ್ತದೆ. ಆ ದ್ರವವನ್ನು ಇಂಗಿಸಿದ್ದು ಆರ್‌ಪಿಇ ಕೋಶಗಳ ಅಯಾನು ಸಾಗಾಟ.

ಇಷ್ಟೆಲ್ಲ ಗೊತ್ತಾದದ್ದರ ಹಿಂದೆ ಕಪ್ಪೆಗಳ ಕಣ್ಣಿನ ದೊಡ್ಡ ಋಣವಿದೆ. ಡೆನ್ಮಾರ್ಕಿನ ಹಾನ್ಸ್ ಉಸ್ಸಿಂಗ್ ಕಪ್ಪೆಯ ಚರ್ಮದ ಅಧ್ಯಯನಕ್ಕೆಂದು 1950ರ ಸುಮಾರಿಗೆ ಒಂದು ಸರಳ ಉಪಕರಣ ಬಳಕೆಗೆ ತಂದರು: ನಡುವೆ ಅಂಗಾಂಶದ ಹಾಳೆಯನ್ನು ಬಿಗಿದು, ಎರಡೂ ಬದಿಗೆ ಒಂದೇ ಬಗೆಯ ಲವಣದ ದ್ರಾವಣ ತುಂಬಿ, ಹಾಳೆಯ ಆಚೀಚಿನ ವಿದ್ಯುದ್ವಿಭವವನ್ನೂ ಅದನ್ನು ಸೊನ್ನೆಗೆ ತರಲು ಬೇಕಾದ ಪ್ರವಾಹವನ್ನೂ ಅಳೆಯುವುದು. ಎರಡೂ ಬದಿಯ ದ್ರಾವಣ ಒಂದೇ ಆಗಿದ್ದಾಗಲೂ ವಿಕಿರಣಶೀಲ ಸೋಡಿಯಂ ಅಥವಾ ಕ್ಲೋರೈಡ್ ಒಂದು ದಿಕ್ಕಿಗೇ ಹೆಚ್ಚು ಹರಿದರೆ, ಅದು ಜೀವಕೋಶ ಶಕ್ತಿ ವ್ಯಯಿಸಿ ಮಾಡುತ್ತಿರುವ ಸಾಗಾಟ ಎಂದು ಖಚಿತವಾಗಿ ಹೇಳಬಹುದು. 1966ರಲ್ಲಿ ಲಸಾನ್‌ಸ್ಕಿ ಮತ್ತು ಡಿ ಫಿಷ್ ನೆಲಗಪ್ಪೆಯ ಆರ್‌ಪಿಇಯನ್ನು ಕೊರಾಯ್ಡ್ ಸಮೇತ ಹೀಗೆ ಅಳೆದರು. 1970ರ ದಶಕದಲ್ಲಿ ಶೆಲ್ಡನ್ ಮಿಲ್ಲರ್ ಮತ್ತು ರಾಯ್ ಸ್ಟೈನ್‌ಬರ್ಗ್ ಕಪ್ಪೆಯ ಆರ್‌ಪಿಇಯಲ್ಲಿ ಪ್ರತಿ ಪೊರೆಯ ಗುಣವನ್ನೂ ಬಿಡಿಬಿಡಿಯಾಗಿ ಗುರುತಿಸಿದರು.

ಅವರ ಪ್ರಯೋಗಗಳಲ್ಲಿ ಒಂದು ನನಗೆ ಬಹಳ ಮೆಚ್ಚುಗೆಯಾದದ್ದು, ಏಕೆಂದರೆ ಅಷ್ಟು ಸಣ್ಣ ಉಪಾಯದಿಂದ ಅಷ್ಟು ದೊಡ್ಡ ಉತ್ತರ ಸಿಕ್ಕ ಉದಾಹರಣೆಗಳು ಕಡಿಮೆ. ಊವಬೈನ್ ಎಂಬ ಸಸ್ಯವಿಷ ಸೋಡಿಯಂ-ಪೊಟ್ಯಾಸಿಯಂ ಪಂಪನ್ನು ನಿಲ್ಲಿಸುತ್ತದೆ. ಆಫ್ರಿಕಾದಲ್ಲಿ ಬಾಣದ ತುದಿಗೆ ಸವರುತ್ತಿದ್ದ ವಿಷ ಇದು. ನಮ್ಮ ಹಿತ್ತಲಿನ ಕಣಗಿಲೆಯ ವಿಷವೂ ಇದೇ ಪಂಗಡಕ್ಕೆ ಸೇರಿದ್ದು, ಇದೇ ಪಂಪಿನ ಮೇಲೆ ಎರಗುತ್ತದೆ. ಊವಬೈನನ್ನು ಕೊರಾಯ್ಡ್‌ನ ಬದಿಯ ದ್ರಾವಣಕ್ಕೆ ಹಾಕಿದಾಗ ಹೇಳಿಕೊಳ್ಳುವಂಥ ಪರಿಣಾಮ ಆಗಲಿಲ್ಲ. ರೆಟಿನಾದ ಬದಿಗೆ ಹಾಕಿದಾಗ ವಿಭವ ತಕ್ಷಣ ಕುಸಿಯಿತು, ಆಮೇಲೆ ಅಯಾನುಗಳ ಸಂಗ್ರಹ ಕರಗಿದಂತೆ ನಿಧಾನವಾಗಿ ಇನ್ನಷ್ಟು ಇಳಿಯಿತು. ಪಂಪ್ ಎಲ್ಲಿದೆ ಎಂಬುದಕ್ಕೂ, ಅದು ತಾನೇ ವಿದ್ಯುತ್ ಹುಟ್ಟಿಸುತ್ತದೆ ಎಂಬುದಕ್ಕೂ ಹೀಗೆ ಸಾಕ್ಷ್ಯ ದೊರೆಯಿತು.

ಬೆಳಕು ಬಿದ್ದಾಗ ಈ ಸಾಗಾಟ ಹೇಗೆ ಬದಲಾಗುತ್ತದೆ ಎಂಬುದು ಇನ್ನೂ ಸ್ವಾರಸ್ಯಕರ. ಕತ್ತಲಲ್ಲಿ ದಂಡಕೋಶಗಳ ಹೊರತುದಿಗೆ ಸೋಡಿಯಂ ಹರಿದು ಬರುತ್ತಿರುತ್ತದೆ, ಅವುಗಳ ಒಳಭಾಗದಿಂದ ಪೊಟ್ಯಾಸಿಯಂ ಸೋರುತ್ತಿರುತ್ತದೆ. ಬೆಳಕು ಬಿದ್ದೊಡನೆ ಸೋಡಿಯಂ ಬರುವ ಕಾಲುವೆಗಳು ಮುಚ್ಚುತ್ತವೆ, ಪೊಟ್ಯಾಸಿಯಂ ಸೋರುವುದು ತಗ್ಗುತ್ತದೆ, ಆದರೆ ಅದನ್ನು ಒಳಗೆಳೆಯುವ ಪಂಪುಗಳು ಕೂಡಲೇ ನಿಧಾನಿಸುವುದಿಲ್ಲ. ಪರಿಣಾಮವಾಗಿ ಬೆಳಕುಗ್ರಾಹಕಗಳ ಸುತ್ತಲಿನ ಪೊಟ್ಯಾಸಿಯಂ ಲೀಟರಿಗೆ ಸುಮಾರು 5 ಮಿಲಿಮೋಲ್‌ನಿಂದ 2ರ ಹತ್ತಿರಕ್ಕೆ ಇಳಿಯುತ್ತದೆ. ಹಾಗೆಯೇ ಬಿಟ್ಟರೆ ಬೆಳಕುಗ್ರಾಹಕ ಕೋಶಗಳ ವಿದ್ಯುತ್ ಸಮತೋಲನವೇ ಕೆಡುತ್ತದೆ. ಆಗ ಕೆಐಆರ್7.1 ಕಾಲುವೆಯ ಮೂಲಕ ಆರ್‌ಪಿಇ ತನ್ನ ಪೊಟ್ಯಾಸಿಯಮ್ಮನ್ನು ಹೊರಬಿಟ್ಟು ಕೊರತೆಯನ್ನು ತುಂಬುತ್ತದೆ. ಈ ಕಾಲುವೆಯ ಜೀನ್ ಕೆಟ್ಟರೆ ಮಗು ಹುಟ್ಟಿನಿಂದಲೇ ದೃಷ್ಟಿಹೀನವಾಗುವ ಲೆಬರ್ ಅಮರೋಸಿಸ್‌ನ ಒಂದು ರೂಪ ಬರಬಹುದು ಎಂಬುದು 2011ರಲ್ಲಿ ಗೊತ್ತಾಯಿತು. ಬೆಳಕುಗ್ರಾಹಕಗಳಲ್ಲಿ ಮೂಲದೋಷವಿಲ್ಲದೆಯೂ, ನೆರೆಯ ಪದರದ ಒಂದು ಪೊಟ್ಯಾಸಿಯಂ ದಾರಿ ಮುಚ್ಚಿದ್ದಕ್ಕೆ ಇಡೀ ದೃಷ್ಟಿ ಹೋಗಬಹುದು.

ಅಯಾನುಗಳ ಈ ಚಲನೆಯನ್ನು ಜೀವಂತ ಮನುಷ್ಯನ ಕಣ್ಣಿನಲ್ಲಿ ಅಳೆಯುವ ದಾರಿಯೂ ಇದೆ. ಕಣ್ಣಿನ ಮುಂಭಾಗ ಹಿಂಭಾಗಕ್ಕಿಂತ ಧನವಾಗಿರುತ್ತದೆ ಎಂಬುದನ್ನು 1849ರಲ್ಲೇ ಜರ್ಮನಿಯ ಎಮಿಲ್ ದು ಬೊಯಿಸ್-ರೇಮಾಂಡ್ ಮೀನಿನ ಕಣ್ಣಿನಲ್ಲಿ ಕಂಡಿದ್ದರು. ಈ ವಿಭವದ ಬಹುಪಾಲು ಹುಟ್ಟುವುದು ಆರ್‌ಪಿಇಯಲ್ಲಿ ಎಂಬುದು ಬಹಳ ತಡವಾಗಿ ತಿಳಿಯಿತು. ಇಒಜಿ ಎಂಬ ಪರೀಕ್ಷೆಯಲ್ಲಿ ಕಣ್ಣಿನ ಎರಡೂ ಕೊನೆಗಳ ಚರ್ಮಕ್ಕೆ ವಿದ್ಯುದ್ವಾರ ಅಂಟಿಸಿ, ರೋಗಿಯನ್ನು ಗಲ್ಲ ಊರಿ ಕೂರಿಸಿ, 30 ಡಿಗ್ರಿ ಅಂತರದಲ್ಲಿರುವ ಎರಡು ಕೆಂಪು ದೀಪಗಳನ್ನು ಎಡಕ್ಕೂ ಬಲಕ್ಕೂ ನೋಡಿಸುತ್ತಾರೆ. ಕಣ್ಣುಗುಡ್ಡೆ ತಿರುಗಿದಂತೆಲ್ಲ ವಿದ್ಯುದ್ವಾರಗಳ ನಡುವಿನ ವಿಭವ ಏರಿಳಿಯುತ್ತದೆ. ಮೊದಲು 15 ನಿಮಿಷ ಕತ್ತಲಲ್ಲಿ, ಆಮೇಲೆ 15 ನಿಮಿಷ ಬೆಳಕಿನಲ್ಲಿ, ನಿಮಿಷಕ್ಕೊಮ್ಮೆ ಇದನ್ನು ದಾಖಲಿಸಿದಾಗ ಬೆಳಕು ಬಂದ ಏಳರಿಂದ ಹನ್ನೆರಡು ನಿಮಿಷದೊಳಗೆ ವಿಭವ ಶಿಖರ ಮುಟ್ಟುತ್ತದೆ. ಕೊರಾಯ್ಡ್ ಬದಿಯ ಪೊರೆಯಲ್ಲಿ ಕ್ಲೋರೈಡ್ ಕಾಲುವೆಗಳು ಹೆಚ್ಚಾಗಿ ತೆರೆಯುವುದೇ ಆ ಶಿಖರಕ್ಕೆ ಕಾರಣ. 1962ರಲ್ಲಿ ಜೆಫ್ರಿ ಆರ್ಡೆನ್ ಮತ್ತು ಸಂಗಡಿಗರು ಬೆಳಕಿನ ಶಿಖರಕ್ಕೂ ಕತ್ತಲಿನ ಕನಿಷ್ಠಕ್ಕೂ ಇರುವ ಅನುಪಾತವನ್ನು ರೋಗಪತ್ತೆಗೆ ಬಳಸಬಹುದೆಂದು ತೋರಿಸಿದರು. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ 1.8ರ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚು.

ಆ ಅನುಪಾತ ಎದ್ದು ಕಾಣುವಂತೆ ಕುಸಿಯುವ ಕಾಯಿಲೆ ಬೆಸ್ಟ್ ರೋಗ. ಜರ್ಮನಿಯ ವೈದ್ಯ ಫ್ರೆಡ್ರಿಕ್ ಬೆಸ್ಟ್ 1905ರಲ್ಲಿ ಒಂದೇ ಕುಟುಂಬದ ಹಲವರಲ್ಲಿ ಗುರುತಿಸಿದ ಈ ಕಾಯಿಲೆಯಲ್ಲಿ ಮ್ಯಾಕ್ಯುಲಾದ ಮೇಲೆ ಮೊಟ್ಟೆಯ ಹಳದಿಯಂಥ ಮಚ್ಚೆ ಮೂಡುತ್ತದೆ. ಬೆಳಕಿಗೆ ರೆಟಿನಾದ ನರಕೋಶಗಳು ಕೊಡುವ ವಿದ್ಯುತ್ ಪ್ರತಿಕ್ರಿಯೆ ಸರಿಯಾಗಿಯೇ ಇರುತ್ತದೆ, ಆದರೆ ಆರ್ಡೆನ್ ಅನುಪಾತ 1.5ಕ್ಕಿಂತ ಕೆಳಗಿರುತ್ತದೆ; ಮಚ್ಚೆ ಕಾಣದ ಬಂಧುಗಳಲ್ಲೂ ಅನೇಕ ವೇಳೆ ಹಾಗೆಯೇ. 1998ರಲ್ಲಿ ಇದಕ್ಕೆ ಕಾರಣವಾದ ಜೀನ್ ಸಿಕ್ಕಿತು. ಅದು ತಯಾರಿಸುವ ಬೆಸ್ಟ್ರೋಫಿನ್ ಪ್ರೋಟೀನು ಕ್ಲೋರೈಡ್ ಕಾಲುವೆ ಎಂದು 2002ರಲ್ಲಿ ವರದಿಯಾಯಿತು. 2014ರಲ್ಲಿ ಅದರ ಪರಮಾಣು ಮಟ್ಟದ ರಚನೆ ಹೊರಬಂದು, ಐದು ಉಪಘಟಕಗಳು ಸುತ್ತುಗಟ್ಟಿ ನಡುವೆ ರಂಧ್ರ ಬಿಟ್ಟುಕೊಂಡಿರುವುದು ಕಂಡಿತು. ಕ್ಲೋರೈಡ್ ಹೊರಹೋಗುವ ಬಾಗಿಲು ಕೆಟ್ಟರೆ ದ್ರವದ ಹೀರುವಿಕೆ ಕುಂದುತ್ತದೆ, ರೆಟಿನಾ ಮತ್ತು ಆರ್‌ಪಿಇಗಳ ನಡುವಿನ ನಿಕಟ ಸಂಪರ್ಕ ಸಡಿಲವಾಗುತ್ತದೆ, ಕಸ ಶೇಖರಗೊಳ್ಳುತ್ತದೆ. ಇದೇ ಜೀನಿನ ದೋಷದಿಂದ ನರಳುವ ನಾಯಿಗಳಿಗೆ ಸರಿಯಾದ ಜೀನನ್ನು ರೆಟಿನಾದ ಹಿಂದೆ ತಲುಪಿಸಿದಾಗ ಆ ಸೂಕ್ಷ್ಮ ಬೇರ್ಪಡಿಕೆ ಮರಳಿ ಕೂಡಿಕೊಂಡಿತು ಎಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ 2018ರಲ್ಲಿ ತೋರಿಸಿತು. ಒಂದು ಅಯಾನಿನ ದಾರಿಯನ್ನು ಸರಿಪಡಿಸಿದ್ದಕ್ಕೆ ಅಂಗಾಂಶದ ರಚನೆಯೇ ಚೇತರಿಸಿಕೊಂಡಿತು ಎಂಬುದು ಈ ಫಲಿತಾಂಶದ ಮಹತ್ವ.

ಔಷಧಗಳ ವಿಷಯಕ್ಕೆ ಬಂದರೆ ಚಿತ್ರ ಅಷ್ಟು ನೇರವಾಗಿಲ್ಲ. ಗ್ಲುಕೋಮಾಕ್ಕೆ ಕೊಡುವ ಅಸೆಟಜೋಲಮೈಡ್ ಮಾತ್ರೆ ಬೈಕಾರ್ಬನೇಟ್ ಸಾಗಾಟದ ಮೇಲೆ ಪರಿಣಾಮ ಬೀರಿ ಆರ್‌ಪಿಇಯ ಹೀರುವಿಕೆಯನ್ನು ಹೆಚ್ಚಿಸುತ್ತದೆ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಆನುವಂಶಿಕ ರೆಟಿನಾ ಕಾಯಿಲೆ ಇರುವವರ ಮ್ಯಾಕ್ಯುಲಾ ಊತಕ್ಕೆ ಅದನ್ನು ಬಳಸುವುದುಂಟು. ಇನ್ನೊಂದೆಡೆ, ನಡುವಯಸ್ಸಿನ ಗಂಡಸರಲ್ಲಿ ಹೆಚ್ಚಾಗಿ ಕಾಣುವ ಸೆಂಟ್ರಲ್ ಸೀರಸ್ ಕೋರಿಯೋರೆಟಿನೋಪತಿ ಎಂಬ ಕಾಯಿಲೆಯಲ್ಲಿ ಮ್ಯಾಕ್ಯುಲಾದ ಹಿಂದೆ ದ್ರವ ನಿಲ್ಲುತ್ತದೆ, ಸ್ಟೀರಾಯ್ಡ್ ಸೇವನೆ ಅದರ ಖಚಿತ ಅಪಾಯಕಾರಕಗಳಲ್ಲಿ ಒಂದು. ವೈದ್ಯರ ಚೀಟಿಯಿಲ್ಲದೆ ಸ್ಟೀರಾಯ್ಡ್ ಮಾತ್ರೆ ನುಂಗುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿರುವುದರಿಂದ ಇದನ್ನು ಇಲ್ಲಿ ಒತ್ತಿ ಹೇಳಲೇಬೇಕು. ಲವಣ-ನೀರಿನ ಸಾಗಾಟವನ್ನು ನಿಯಂತ್ರಿಸುವ ಮಿನರಲೋಕಾರ್ಟಿಕಾಯ್ಡ್ ಗ್ರಾಹಕ ಅತಿಯಾಗಿ ಕೆರಳುವುದೇ ಈ ಕಾಯಿಲೆಯ ಮೂಲ ಎಂಬ ವಾದ 2012ರಲ್ಲಿ ಪ್ರಾಣಿ ಪ್ರಯೋಗಗಳಿಂದ ಬಲ ಪಡೆಯಿತು, ಆ ಗ್ರಾಹಕವನ್ನು ತಡೆಯುವ ಎಪ್ಲೆರೆನೋನ್ ಮಾತ್ರೆ ಬಳಕೆಗೆ ಬಂತು. ಆದರೆ 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ವಿಐಸಿಐ ಪ್ರಯೋಗದಲ್ಲಿ, ದೀರ್ಘಕಾಲದಿಂದ ಈ ಕಾಯಿಲೆಯಿದ್ದವರಲ್ಲಿ ಅದು ಹುಸಿಮಾತ್ರೆಗಿಂತ ಮೇಲಲ್ಲ ಎಂದು ಸಾಬೀತಾಯಿತು. ಅಯಾನು ಸಾಗಾಟದ ತರ್ಕ ಎಷ್ಟೇ ಸೊಗಸಾಗಿದ್ದರೂ ರೋಗಿಗಳ ಮೇಲಿನ ಪರೀಕ್ಷೆಗೆ ಅದು ಬದಲಿಯಾಗುವುದಿಲ್ಲ.

ಮತ್ತೆ ಕೋಶ ಕಸಿಯ ವಿಷಯ. 2014ರ ಸೆಪ್ಟೆಂಬರಿನಲ್ಲಿ ಜಪಾನಿನ ಕೋಬೆಯಲ್ಲಿ ಮಸಾಯೊ ತಕಹಾಶಿಯವರ ತಂಡ, ರೋಗಿಯ ಚರ್ಮದ ಕೋಶಗಳಿಂದಲೇ ಬೆಳೆಸಿದ ಆರ್‌ಪಿಇ ಹಾಳೆಯನ್ನು ಎಎಂಡಿ ಇದ್ದ ಮಹಿಳೆಯೊಬ್ಬರ ಕಣ್ಣಿನಲ್ಲಿ ಇರಿಸಿತು. ಒಂದು ವರ್ಷದ ಬಳಿಕ ಹಾಳೆ ಹಾಗೇ ಉಳಿದಿತ್ತು. ದೃಷ್ಟಿ ಸುಧಾರಿಸಿರಲೂ ಇಲ್ಲ, ಕೆಟ್ಟಿರಲೂ ಇಲ್ಲ. 2018ರಲ್ಲಿ ಲಂಡನ್ ತಂಡ ಭ್ರೂಣದ ಕಾಂಡಕೋಶಗಳಿಂದ ಬೆಳೆಸಿದ ಆರ್‌ಪಿಇಯನ್ನು 6 ಮಿಲಿಮೀಟರ್ ಉದ್ದ, 3 ಮಿಲಿಮೀಟರ್ ಅಗಲದ ಪಟ್ಟಿಯ ಮೇಲೆ ಕೂರಿಸಿ ಇಬ್ಬರು ರೋಗಿಗಳಿಗೆ ಕಸಿ ಮಾಡಿದ ಫಲಿತಾಂಶ ಪ್ರಕಟಿಸಿತು. ಹನ್ನೆರಡು ತಿಂಗಳಲ್ಲಿ ಒಬ್ಬರು 29, ಇನ್ನೊಬ್ಬರು 21 ಅಕ್ಷರ ಹೆಚ್ಚು ಓದಿದರು. ಅಮೆರಿಕದ ರಾಷ್ಟ್ರೀಯ ಕಣ್ಣಿನ ಸಂಸ್ಥೆಯಲ್ಲಿ ಕಪಿಲ್ ಭಾರ್ತಿಯವರ ತಂಡ ಕ್ರಮೇಣ ಕರಗಿಹೋಗುವ ಆಧಾರದ ಮೇಲೆ ಕೋಶಗಳನ್ನು ಬೆಳೆಸಿ, 2022ರಲ್ಲಿ ಮೊದಲ ರೋಗಿಗೆ ಕಸಿ ಮಾಡಿತು. ಇನ್ನೊಂದು ಮಾರ್ಗ ಬಿಡಿ ಕೋಶಗಳನ್ನು ದ್ರಾವಣದಲ್ಲಿ ತೇಲಿಸಿ ಚುಚ್ಚುವುದು. ಐಸ್ಟೆಮ್ ಆರಿಸಿಕೊಂಡಿರುವುದು ಇದನ್ನೇ. ಶಸ್ತ್ರಕ್ರಿಯೆ ಸರಳ, ಸಂಗ್ರಹಣೆ ಸುಲಭ, ವೆಚ್ಚ ಕಡಿಮೆಯಾಗುವ ಸಾಧ್ಯತೆ ಹೆಚ್ಚು. ಭಾರತದಂಥ ದೇಶಕ್ಕೆ ಈ ಲಾಭಗಳು ಸಣ್ಣವಲ್ಲ.

ಎರಡೂ ಮಾರ್ಗಗಳ ನಡುವಿನ ನಿಜವಾದ ವ್ಯತ್ಯಾಸ ಅಯಾನುಗಳ ದೃಷ್ಟಿಯಿಂದ ನೋಡಿದಾಗ ಕಾಣುತ್ತದೆ. ಹಾಳೆಯಾಗಿ ಬೆಳೆದ ಕೋಶಗಳಿಗೆ ಮೇಲುಬದಿ ಕೆಳಬದಿ ಆಗಲೇ ನಿರ್ಧಾರವಾಗಿರುತ್ತದೆ: ಪಂಪ್ ಮತ್ತು ಎನ್‌ಕೆಸಿಸಿ1 ಒಂದು ಕಡೆ, ಕ್ಲೋರೈಡ್ ಕಾಲುವೆಗಳು ಇನ್ನೊಂದು ಕಡೆ, ನಡುವೆ ಬಿಗಿಯಾದ ಬೆಸುಗೆ. ಬಿಡಿ ಕೋಶಕ್ಕೆ ಇದಾವುದೂ ಇರುವುದಿಲ್ಲ. ಅದು ಬ್ರುಕ್ ಪೊರೆಯ ಮೇಲೆ ಇಳಿದು, ಅಂಟಿ, ಪಕ್ಕದ ಕೋಶದೊಂದಿಗೆ ಬೆಸೆದುಕೊಂಡು, ಆಮೇಲೆ ತನ್ನ ಪ್ರೋಟೀನುಗಳನ್ನು ಸರಿಯಾದ ಬದಿಗೆ ಕಳಿಸಬೇಕು. ಅದೂ ವಯಸ್ಸಿನಿಂದ ದಪ್ಪಗಾಗಿ ಕೊಬ್ಬು ತುಂಬಿದ ಪೊರೆಯ ಮೇಲೆ. ತಿರುಗಾಮುರುಗಾ ಕೂರಿಸಿದ ಮೋಟಾರು ಬಾವಿಗೇ ನೀರು ತುಂಬಿದಂತೆ, ದಿಕ್ಕು ತಪ್ಪಿದ ಕೋಶ ಬದುಕಿದ್ದೂ ರೆಟಿನಾಕ್ಕೆ ಉಪಕಾರಿಯಲ್ಲ. ಅಂಥ ಕೋಶವೂ ಬೆಳವಣಿಗೆಯ ಅಂಶಗಳನ್ನು ಸ್ರವಿಸಿ ಸುತ್ತಲಿನ ಬೆಳಕುಗ್ರಾಹಕಗಳನ್ನು ಕೆಲಕಾಲ ಕಾಪಾಡಬಹುದು, ರೋಗಿ ಕೆಲವು ಅಕ್ಷರ ಹೆಚ್ಚು ಓದಲೂಬಹುದು. ಹಾಗಾಗಿ ಅಕ್ಷರಗಳ ಎಣಿಕೆಯೊಂದರಿಂದಲೇ ಪದರ ಮರಳಿ ಕಟ್ಟಿತು ಎಂದು ತೀರ್ಮಾನಿಸಲಾಗದು.

ಕಸಿಯಾದ ಮೇಲೆ ಇದನ್ನು ಅಳೆಯುವುದು ಕಷ್ಟ. ಇಒಜಿ ಇಡೀ ಕಣ್ಣಿನ ಮೊತ್ತವನ್ನು ಹೇಳುತ್ತದೆ. ಕೆಲವೇ ಚದರ ಮಿಲಿಮೀಟರಿನ ಕಸಿ ಆ ಮೊತ್ತದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಬೆಳಕಿನಿಂದ ರೆಟಿನಾದ ಪದರಗಳ ಚಿತ್ರ ತೆಗೆಯುವ ಒಸಿಟಿ ಸ್ಕ್ಯಾನಿನಲ್ಲಿ ಕಸಿಯ ಮೇಲೆ ದ್ರವ ನಿಂತಿದೆಯೇ, ಬೆಳಕುಗ್ರಾಹಕಗಳ ಹೊರತುದಿಯ ಗೆರೆ ಉಳಿದಿದೆಯೇ ಎಂದು ನೋಡಬಹುದು, ಆದರೆ ಅದು ಪರೋಕ್ಷ ಸಾಕ್ಷ್ಯ. ಕೋಶಗಳ ಅಯಾನು ಸಾಗಾಟವನ್ನು ನೇರವಾಗಿ ಅಳೆಯಬಹುದಾದ ಅವಕಾಶ ಸಿಗುವುದು ಅವು ಇನ್ನೂ ಪ್ರಯೋಗಶಾಲೆಯಲ್ಲಿ ಇರುವಾಗ: ಹಾಳೆಯ ವಿದ್ಯುತ್ ರೋಧ ಎಷ್ಟು, ಎರಡು ಬದಿಯ ನಡುವಿನ ವಿಭವ ಎಷ್ಟು, ಪೊಟ್ಯಾಸಿಯಮ್ಮನ್ನು 5ರಿಂದ 1 ಮಿಲಿಮೋಲ್‌ಗೆ ಇಳಿಸಿದಾಗ ರೆಟಿನಾ ಬದಿಯ ಪೊರೆ ಹೇಗೆ ಪ್ರತಿಕ್ರಿಯಿಸಿತು, ಗಂಟೆಗೆ ಎಷ್ಟು ದ್ರವ ಯಾವ ದಿಕ್ಕಿಗೆ ಹೋಯಿತು. ದ್ರಾವಣವಾಗಿ ಚುಚ್ಚುವ ಕೋಶಗಳನ್ನೂ ಒಮ್ಮೆಗೆ ಬೆಳೆಸಿದ ಪ್ರತಿ ಬ್ಯಾಚಿನಿಂದ ಒಂದಷ್ಟು ತೆಗೆದು, ಜಾಲರಿಯ ಮೇಲೆ ಕೆಲವು ವಾರ ಬೆಳೆಸಿ, ಇದೇ ಅಳತೆಗಳಿಗೆ ಒಳಪಡಿಸಲು ಸಾಧ್ಯ. ಈ ಅಂಕಿಗಳನ್ನು ಗುಣಮಟ್ಟದ ಆಂತರಿಕ ದಾಖಲೆಗಳಲ್ಲಷ್ಟೇ ಇರಿಸದೆ, ದೃಷ್ಟಿಯ ಫಲಿತಾಂಶದ ಪಕ್ಕದಲ್ಲೇ, ಬ್ಯಾಚುವಾರು, ಪ್ರಕಟಿಸುವಂತೆ ನಿಯಂತ್ರಣ ಸಂಸ್ಥೆಗಳು ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಹಾಗಾದರೆ ಯಾವ ಬ್ಯಾಚಿನ ಕೋಶಗಳನ್ನು ಪಡೆದ ರೋಗಿಗೆ ಲಾಭವಾಯಿತು, ಯಾರಿಗೆ ಆಗಲಿಲ್ಲ, ಆ ಎರಡು ಬ್ಯಾಚುಗಳ ಕ್ಲೋರೈಡ್ ಸಾಗಾಟದಲ್ಲಿ ವ್ಯತ್ಯಾಸವಿತ್ತೇ ಎಂದು ಹೊರಗಿನ ಸಂಶೋಧಕರೂ ಹೋಲಿಸಿ ನೋಡಬಹುದು.